ಕಾಣದ ನಕ್ಷತ್ರದ ಲೆಕ್ಕ



ಮಳೆ ನಿಂತು ಆಕಾಶ ತಿಳಿಯಾಗುವ ಅಕ್ಟೋಬರ್ ಸಂಜೆಗಳಲ್ಲಿ, ಕತ್ತಲಾದ ಮೇಲೆ ವಾಯವ್ಯದ ಕಡೆ ಕತ್ತೆತ್ತಿ ನೋಡಿದರೆ ನೀಲಿ ಬೆರೆತ ಬಿಳಿಯ ನಕ್ಷತ್ರವೊಂದು ಎದ್ದು ಕಾಣುತ್ತದೆ. ಅದು ಅಭಿಜಿತ್. ಅದಿರುವ ಲೈರಾ ಪುಂಜದಲ್ಲಿ, ಅಭಿಜಿತ್‌ನಿಂದ ಸ್ವಲ್ಪ ದೂರದಲ್ಲಿ, ಸಾಧಾರಣ ಹೊಳಪಿನ ಎರಡು ನಕ್ಷತ್ರಗಳಿವೆ. ಆ ಎರಡರ ನಡುವಿನ ಜಾಗಕ್ಕೆ ನಾಲ್ಕು ಅಥವಾ ಆರು ಇಂಚಿನ ದೂರದರ್ಶಕವನ್ನು ತಿರುಗಿಸಿದರೆ ಮಸುಕಾದ ಪುಟ್ಟ ಉಂಗುರವೊಂದು ಸಿಗುತ್ತದೆ. ಖಗೋಳಜ್ಞ ಮೆಸಿಯೆಯ ಪಟ್ಟಿಯಲ್ಲಿ 57ನೆಯದು. ಉಂಗುರ ನೀಹಾರಿಕೆ ಎಂದೇ ಹೆಸರು. ನಮ್ಮಿಂದ ಸುಮಾರು 2,500 ಜ್ಯೋತಿರ್ವರ್ಷ ದೂರ.

ಆ ಉಂಗುರದ ನಟ್ಟನಡುವೆ ಒಂದು ನಕ್ಷತ್ರವಿದೆ. ಅದರ ಮೇಲ್ಮೈ ಉಷ್ಣತೆ ಒಂದು ಲಕ್ಷ ಡಿಗ್ರಿಗೂ ಹೆಚ್ಚು. ನಮ್ಮ ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ. ಆ ನಕ್ಷತ್ರ ಹೊರಗೆ ಸುರಿಯುವ ಶಕ್ತಿಯೂ ಸೂರ್ಯನದಕ್ಕಿಂತ ನೂರು ಪಟ್ಟು ಮಿಗಿಲು. ಆದರೂ ನಿಮ್ಮ ಪುಟ್ಟ ದೂರದರ್ಶಕದಲ್ಲಿ ಉಂಗುರ ಕಾಣುತ್ತದೆಯೇ ಹೊರತು ನಕ್ಷತ್ರ ಕಾಣುವುದಿಲ್ಲ. ಇದಕ್ಕೆ ಕಾರಣ ಆ ನಕ್ಷತ್ರದ ಬಿಸಿಯೇ. ಅಷ್ಟು ಕಾದ ಮೈಯಿಂದ ಹೊರಡುವ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಸಲ್ಲುವ ಪಾಲು ನೂರರಲ್ಲಿ ಒಂದೂ ಇಲ್ಲ. ಮಿಕ್ಕಿದ್ದೆಲ್ಲ ಅತಿನೇರಳೆ ಮತ್ತು ಅದರಾಚೆಯ ಕಿರಣ. ಅದರಲ್ಲೂ ಅತ್ಯಂತ ಪ್ರಬಲವಾದ ಭಾಗವನ್ನು ಸುತ್ತಲಿನ ಅನಿಲ ಹೀರಿಕೊಳ್ಳುತ್ತದೆ, ಇಲ್ಲವೇ ನಕ್ಷತ್ರಗಳ ನಡುವಿನ ಹೈಡ್ರೋಜನ್ ನುಂಗಿಬಿಡುತ್ತದೆ. ಉಳಿದು ಬಂದದ್ದನ್ನು ನಮ್ಮ ವಾಯುಮಂಡಲ ತಡೆಯುತ್ತದೆ.

ಇಂಥ ನಕ್ಷತ್ರಗಳ ಬಗ್ಗೆ ಮನುಷ್ಯರು ಇಷ್ಟೆಲ್ಲ ತಿಳಿದುಕೊಂಡದ್ದು ಹೇಗೆ ಎಂಬುದೇ ಇವತ್ತಿನ ಮಾತು. ನಕ್ಷತ್ರ ಏನನ್ನು ಬಚ್ಚಿಟ್ಟಿದೆಯೋ ಅದನ್ನು ಸುತ್ತಲಿನ ಅನಿಲ ಬಾಯಿಬಿಟ್ಟು ಹೇಳುತ್ತದೆ. ಆ ಮಾತನ್ನು ಅರ್ಥ ಮಾಡಿಕೊಳ್ಳಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಉಂಗುರ ನೀಹಾರಿಕೆಯಂಥವನ್ನು ಗ್ರಹೀಯ ನೀಹಾರಿಕೆಗಳೆಂದು ಕರೆದವನು ವಿಲಿಯಂ ಹರ್ಷಲ್. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನಿಗೆ ಈ ಗುಂಡನೆಯ ಮಸುಕು ಬಿಲ್ಲೆಗಳು ನೋಟದಲ್ಲಿ ಗ್ರಹವನ್ನೇ ಹೋಲುವಂತೆ ಕಂಡವು. ಗ್ರಹಗಳಿಗೂ ಇವಕ್ಕೂ ಸಂಬಂಧವಿಲ್ಲ. ಹರ್ಷಲ್ ಮಾಡಿದ ದೊಡ್ಡ ಕೆಲಸ ಬೇರೆ. 1790ರ ನವೆಂಬರ್ 13ರ ರಾತ್ರಿ ವೃಷಭ ರಾಶಿಯ ಕಡೆ ನೋಡುತ್ತಿದ್ದಾಗ ಅವನಿಗೆ ಒಂದು ನಕ್ಷತ್ರವೂ, ಅದನ್ನು ಎಲ್ಲ ಕಡೆಯಿಂದಲೂ ಸಮನಾಗಿ ಸುತ್ತುವರಿದ ಮಂದ ಪ್ರಭೆಯೂ ಕಂಡವು. ಅಲ್ಲಿಯವರೆಗೆ ಅವನ ನಂಬಿಕೆ ಬೇರೆ ಇತ್ತು: ನೀಹಾರಿಕೆಗಳೆಲ್ಲ ದೂರದ ನಕ್ಷತ್ರಗಳ ಗುಂಪುಗಳು, ಇನ್ನೂ ದೊಡ್ಡ ದೂರದರ್ಶಕ ಕಟ್ಟಿದರೆ ಬಿಡಿಬಿಡಿಯಾಗಿ ಕಾಣುತ್ತವೆ ಎಂದು. ಇಲ್ಲಿ ಆ ಲೆಕ್ಕ ಸರಿಹೋಗಲಿಲ್ಲ. ಸುತ್ತಲಿನ ಪ್ರಭೆ ನಕ್ಷತ್ರಗಳದ್ದಾದರೆ ನಡುವಿನದು ನಂಬಲಾಗದಷ್ಟು ದೈತ್ಯವಾಗಿರಬೇಕು. ನಡುವಿನದು ಸಾಮಾನ್ಯ ನಕ್ಷತ್ರವಾದರೆ ಸುತ್ತಲಿನವು ನಂಬಲಾಗದಷ್ಟು ಚಿಕ್ಕವಿರಬೇಕು. ಹಾಗಾದರೆ ಅದು ಹೊಳೆಯುವ ಯಾವುದೋ ದ್ರವ್ಯ, ನಡುವಿನ ನಕ್ಷತ್ರಕ್ಕೆ ಸೇರಿದ್ದು ಎಂದು ಅವನು ತೀರ್ಮಾನಿಸಿದ. ತನ್ನದೇ ನಂಬಿಕೆಯನ್ನು ಒಂದೇ ವಸ್ತುವಿನ ಸಾಕ್ಷ್ಯದ ಮೇಲೆ ಬಿಟ್ಟುಕೊಟ್ಟ ಆ ಧೈರ್ಯ ನನಗೆ ತುಂಬ ದೊಡ್ಡದೆನಿಸುತ್ತದೆ. ಆ ನೀಹಾರಿಕೆಯ ಈಗಿನ ಹೆಸರು ಎನ್‌ಜಿಸಿ 1514. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಹರ್ಷಲ್ ಕಂಡ ಆ ನಡುವಿನ ನಕ್ಷತ್ರದಲ್ಲೇ ಒಂದು ಸೋಜಿಗವಿದೆ.

ಹೊಳೆಯುವ ದ್ರವ್ಯ ಅನಿಲವೇ ಎಂದು ಖಚಿತವಾದದ್ದು 1864ರ ಆಗಸ್ಟ್ 29ರಂದು. ಲಂಡನ್ನಿನ ಟಲ್ಸ್ ಹಿಲ್‌ನಲ್ಲಿ ಮನೆಯ ಪಕ್ಕದಲ್ಲೇ ವೀಕ್ಷಣಾಲಯ ಕಟ್ಟಿಕೊಂಡಿದ್ದ ವಿಲಿಯಂ ಹಗ್ಗಿನ್ಸ್ ತನ್ನ ರೋಹಿತದರ್ಶಕವನ್ನು ಡ್ರೇಕೋ ಪುಂಜದ ನೀಹಾರಿಕೆಯ ಕಡೆ ತಿರುಗಿಸಿದ. ಇವತ್ತು ಬೆಕ್ಕಿನ ಕಣ್ಣು ಎಂದು ಪ್ರಸಿದ್ಧವಾಗಿರುವ ನೀಹಾರಿಕೆ ಅದು. ನಕ್ಷತ್ರದ ಬೆಳಕಾಗಿದ್ದರೆ ಪ್ರಿಸಮ್ ಅದನ್ನು ಕೆಂಪಿನಿಂದ ನೇರಳೆಯವರೆಗೆ ಪಟ್ಟಿಯಾಗಿ ಹರಡಬೇಕಿತ್ತು. ಹಗ್ಗಿನ್ಸ್ ಕಂಡದ್ದು ಒಂದೇ ಒಂದು ಹೊಳೆಯುವ ಗೆರೆ. ಪ್ರಿಸಮ್ ಜರುಗಿ ಸೀಳುಗಂಡಿಯ ಪ್ರತಿಫಲನವೇ ಕಾಣುತ್ತಿದೆಯೇನೋ ಎಂದು ಮೊದಲು ಸಂದೇಹಪಟ್ಟ. ಸರಿಯಾಗಿ ನೋಡಿದಾಗ ಹಾಗಲ್ಲ. ಪಕ್ಕದಲ್ಲಿ ಇನ್ನೂ ಎರಡು ಮಂದ ಗೆರೆಗಳು ಕಂಡವು. ಬಿಡಿ ಗೆರೆಗಳಲ್ಲಿ ಬೆಳಗುವುದು ತೆಳುವಾದ, ಬಿಸಿಯಾದ ಅನಿಲ ಮಾತ್ರ.

ಆ ಗೆರೆಗಳಲ್ಲಿ ಒಂದು ಹೈಡ್ರೋಜನ್ನಿನದು. ಅತಿ ಪ್ರಖರವಾದ ಹಸಿರು ಗೆರೆ ಮಾತ್ರ ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ. ಸೂರ್ಯನಲ್ಲಿ ಮೊದಲು ಸಿಕ್ಕ ಹೀಲಿಯಂ ಆಮೇಲೆ ಭೂಮಿಯ ಮೇಲೂ ಸಿಕ್ಕಿತಲ್ಲ, ಹಾಗೆಯೇ ಇದೂ ಹೊಸ ಧಾತುವಿರಬೇಕೆಂದು ಅದಕ್ಕೆ ನೆಬ್ಯುಲಿಯಂ ಎಂಬ ಹೆಸರನ್ನೇ ಕೊಟ್ಟರು. ಆವರ್ತಕ ಕೋಷ್ಟಕ ತುಂಬುತ್ತ ಬಂದಂತೆ ಈ ಧಾತುವಿಗೆ ಜಾಗವೇ ಉಳಿಯಲಿಲ್ಲ. 1927ರಲ್ಲಿ ಕ್ಯಾಲಿಫೋರ್ನಿಯದ ಐರಾ ಬೋವೆನ್ ಒಗಟು ಬಿಡಿಸಿದ. ರಾತ್ರಿ ಮನೆಗೆ ಬಂದು ಮಲಗಲು ಬಟ್ಟೆ ಬದಲಿಸುತ್ತಿದ್ದಾಗ ಅವನಿಗೆ ವಿಷಯ ಹೊಳೆಯಿತಂತೆ. ಕೂಡಲೇ ಪ್ರಯೋಗಾಲಯಕ್ಕೆ ವಾಪಸು ಹೋಗಿ ಲೆಕ್ಕ ಮಾಡತೊಡಗಿದನಂತೆ. ಆ ಹಸಿರು ಗೆರೆ ನಮ್ಮ ಆಮ್ಲಜನಕದ್ದೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದು. ಅಂಥ ಅಯಾನಿನಲ್ಲಿ ಒಂದು ಶಕ್ತಿಮಟ್ಟವಿದೆ. ಅಲ್ಲಿಗೆ ಏರಿದ ಎಲೆಕ್ಟ್ರಾನ್ ತಾನಾಗಿ ಕೆಳಗಿಳಿಯಲು ಸರಾಸರಿ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಪರಮಾಣು ಜಗತ್ತಿನಲ್ಲಿ ಅರ್ಧ ನಿಮಿಷವೆಂದರೆ ಯುಗ. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿವೆ. ಇಲ್ಲಿ ಸೆಕೆಂಡಿಗೆ ನೂರಾರು ಕೋಟಿ ಸಲ ಡಿಕ್ಕಿಯಾಗುತ್ತದೆ. ಆ ಶಕ್ತಿ ಡಿಕ್ಕಿಯಲ್ಲೇ ಕಳೆದುಹೋಗುತ್ತದೆ, ಬೆಳಕಾಗುವುದಿಲ್ಲ. ನೀಹಾರಿಕೆಯಲ್ಲಿ ಅಷ್ಟೇ ಜಾಗದಲ್ಲಿ ಇರುವುದು ಕೆಲವು ನೂರರಿಂದ ಕೆಲವು ಸಾವಿರ ಕಣಗಳು. ಅಲ್ಲಿ ಅರ್ಧ ನಿಮಿಷ ಯಾರೂ ಅದರ ತಂಟೆಗೆ ಬರುವುದಿಲ್ಲ. ನಾವು ಪ್ರಯೋಗಾಲಯದಲ್ಲಿ ನಿರ್ವಾತ ಎಂದು ಕರೆಯುವುದಕ್ಕಿಂತ ಎಷ್ಟೋ ಪಾಲು ಖಾಲಿಯಾದ ಜಾಗವದು. ಆದರೆ ಅದರ ಹರವು ಎಷ್ಟು ದೊಡ್ಡದೆಂದರೆ ಸಾವಿರಾರು ಜ್ಯೋತಿರ್ವರ್ಷ ಆಚೆಗೂ ಆ ಹಸಿರು ಕಾಣುತ್ತದೆ.

ಅದೇ 1927ರಲ್ಲಿ ಇನ್ನೊಂದು ಲೇಖನ ಬಂತು. ಬರೆದವರು ಡಚ್ ವಿಜ್ಞಾನಿ ಹರ್ಮನ್ ಜಾನ್‌ಸ್ಟ್ರಾ. ಈ ಇಡೀ ಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅವರ ಉಪಾಯ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಬೇಕಾದರೆ 91 ನ್ಯಾನೊಮೀಟರಿಗಿಂತ ಕಿರಿದಾದ ಅಲೆಯ ಬೆಳಕು ಬೇಕು. ನಮ್ಮ ಕಣ್ಣಿಗೆ ಕಾಣುವುದು ಹೆಚ್ಚುಕಡಿಮೆ 400ರಿಂದ 700ರವರೆಗೆ. ಅಂದರೆ ಕಿತ್ತುಹಾಕುವ ಬೆಳಕು ನಮಗೆ ಎಂದೂ ಕಾಣದ ಬೆಳಕು. ನಕ್ಷತ್ರದಿಂದ ಹೊರಟ ಅಂಥ ಒಂದು ಬೆಳಕಿನ ಕಣ ಒಂದು ಪರಮಾಣುವನ್ನು ಒಡೆಯುತ್ತದೆ, ತಾನು ಅಲ್ಲೇ ಮುಗಿಯುತ್ತದೆ. ಬಿಡಿಯಾದ ಎಲೆಕ್ಟ್ರಾನ್ ಅಲೆದಾಡಿ ಕೊನೆಗೆ ಇನ್ನೊಂದು ಹೈಡ್ರೋಜನ್ ನ್ಯೂಕ್ಲಿಯಸ್ಸಿಗೆ ಸಿಕ್ಕಿ ಮಟ್ಟದಿಂದ ಮಟ್ಟಕ್ಕೆ ಇಳಿಯುತ್ತದೆ. ಅನಿಲ ಸಾಕಷ್ಟು ದಟ್ಟವಾಗಿದ್ದರೆ, ನೇರವಾಗಿ ತಳಮಟ್ಟಕ್ಕೆ ಧುಮುಕಿ ಹೊಮ್ಮಿಸಿದ ಬೆಳಕನ್ನು ಪಕ್ಕದ ಪರಮಾಣು ಮತ್ತೆ ಹೀರುತ್ತದೆ, ಆಟ ಮತ್ತೆ ಶುರುವಾಗುತ್ತದೆ. ಹೀಗೆ ಎಷ್ಟು ಸುತ್ತು ಹೊಡೆದರೂ ಕೊನೆಯಲ್ಲಿ ಎಲೆಕ್ಟ್ರಾನ್ ಎರಡನೆಯ ಮಟ್ಟಕ್ಕೆ ಇಳಿದೇ ತಳ ಸೇರಬೇಕು. ಆ ಎರಡನೆಯ ಮಟ್ಟಕ್ಕೆ ಇಳಿಯುವಾಗ ಹೊರಡುವುದೇ ಬಾಮರ್ ಸರಣಿಯ ಬೆಳಕು. ಅದು ನಮಗೆ ಕಾಣುತ್ತದೆ, ಅಳೆಯಲು ಸಿಗುತ್ತದೆ. ಒಂದು ಕಾಣದ ಕಣ ಒಳಹೋದರೆ ಒಂದು ಬಾಮರ್ ಕಣ ಹೊರಬರುತ್ತದೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಯನ್ನು ನೋಡದವನೂ ಎಂಜಲೆಲೆ ಎಣಿಸಿ ಎಷ್ಟು ಜನ ಉಂಡರೆಂದು ಹೇಳಬಲ್ಲನಲ್ಲ, ಜಾನ್‌ಸ್ಟ್ರಾ ಮಾಡಿದ್ದು ಅದನ್ನೇ.

ನೀಹಾರಿಕೆಯ ಬಾಮರ್ ಬೆಳಕನ್ನು ಎಣಿಸಿದರೆ ನಕ್ಷತ್ರದ ಅತಿನೇರಳೆ ಎಷ್ಟೆಂದು ತಿಳಿಯಿತು. ಇನ್ನು ನಕ್ಷತ್ರದ ಕಾಣುವ ಬೆಳಕು ಎಷ್ಟೆಂದು ನೇರವಾಗಿ ಅಳೆಯಬಹುದು. ಇವೆರಡರ ಅನುಪಾತ ನಕ್ಷತ್ರದ ಉಷ್ಣತೆಯನ್ನು ಅವಲಂಬಿಸಿದೆ. ಬಿಸಿ ಹೆಚ್ಚಿದಷ್ಟೂ ಅತಿನೇರಳೆಯ ಪಾಲು ಏರುತ್ತದೆ. ದೂರ ಎಷ್ಟೆಂದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅನುಪಾತದಲ್ಲಿ ದೂರ ಕಳೆದುಹೋಗುತ್ತದೆ. ಗ್ರಹೀಯ ನೀಹಾರಿಕೆಗಳ ದೂರ ಅಳೆಯುವುದೇ ಇತ್ತೀಚಿನವರೆಗೆ ದೊಡ್ಡ ತಲೆನೋವಾಗಿತ್ತು. ಹಾಗಾಗಿ ಇದು ಸಣ್ಣ ಲಾಭವಲ್ಲ. ಲೆಕ್ಕ ಹಾಕಿದಾಗ ಹಲವು ನಕ್ಷತ್ರಗಳು 50 ಸಾವಿರ, ಒಂದು ಲಕ್ಷ ಡಿಗ್ರಿ ಎಂದು ಬಂದವು.

ಅನಿಲ ತೆಳುವಾಗಿದ್ದು ಒಂದಷ್ಟು ಅತಿನೇರಳೆ ಸೋರಿಹೋದರೆ ಏನು ಗತಿ? ಅದಕ್ಕೆ ಹೀಲಿಯಂ ಇದೆ. ಹೀಲಿಯಂನ ಎರಡನೆಯ ಎಲೆಕ್ಟ್ರಾನನ್ನೂ ಕೀಳಬೇಕಾದರೆ 23 ನ್ಯಾನೊಮೀಟರಿಗಿಂತ ಕಿರಿದಾದ ಬೆಳಕೇ ಆಗಬೇಕು. ಅದು ಮತ್ತೆ ಕೂಡಿಕೊಳ್ಳುವಾಗ ಕೊಡುವ ನೀಲಿ ಗೆರೆಯನ್ನು ಎಣಿಸಿ ಉಷ್ಣತೆಯನ್ನು ಇನ್ನೊಮ್ಮೆ ಲೆಕ್ಕ ಹಾಕುತ್ತಾರೆ. ಎರಡು ಉತ್ತರ ಒಂದೇ ಬಂದರೆ ಅನಿಲ ಬೆಳಕನ್ನು ಪೂರ್ತಿ ಹಿಡಿದಿದೆ. ಹೈಡ್ರೋಜನ್ ಕಡಿಮೆ ಹೇಳಿ ಹೀಲಿಯಂ ಹೆಚ್ಚು ಹೇಳಿದರೆ, ಹೆಚ್ಚಿನ ಸಲ ಅನಿಲದ ಹೊದಿಕೆ ಸೋರುತ್ತಿದೆ ಎಂದರ್ಥ.

ಈಗ ಹರ್ಷಲ್ಲನ ಎನ್‌ಜಿಸಿ 1514ಕ್ಕೆ ಬರೋಣ. ಅವನು ಕಂಡ ಆ ನಡುವಿನ ನಕ್ಷತ್ರವನ್ನು ರೋಹಿತದರ್ಶಕದಲ್ಲಿ ನೋಡಿದರೆ ಅದರ ಉಷ್ಣತೆ ಸುಮಾರು ಹತ್ತು ಸಾವಿರ ಡಿಗ್ರಿ. ಆ ಬಿಸಿಗೆ ಸುತ್ತಲಿನ ಅನಿಲ ಇಷ್ಟು ಬೆಳಗಲು ಸಾಧ್ಯವೇ ಇಲ್ಲ. ಅನಿಲ ಹೇಳುತ್ತಿರುವುದು ಬೇರೆ ಯಾರದೋ ವಿಷಯ. ಆ ಪ್ರಖರ ನಕ್ಷತ್ರದ ಬೆಳಕಿನಲ್ಲಿ ಮುಚ್ಚಿಹೋದ ಜೊತೆಗಾರನೊಂದಿದೆ, ಬಹಳ ಚಿಕ್ಕದು, ಬಹಳ ಬಿಸಿಯದು. ಎರಡೂ ಒಂದನ್ನೊಂದು ಸುತ್ತಲು ಸುಮಾರು ಒಂಬತ್ತು ವರ್ಷ. ದಕ್ಷಿಣದ ಆಕಾಶದ ಎನ್‌ಜಿಸಿ 3132ರ ಕಥೆಯೂ ಇದೇ. 2022ರ ಜುಲೈ 12ರಂದು ಜೇಮ್ಸ್ ವೆಬ್ ದೂರದರ್ಶಕದ ಮೊದಲ ಚಿತ್ರಗಳು ಬಂದಾಗ ಪತ್ರಿಕೆಗಳಲ್ಲಿ ನೀವು ಅದನ್ನು ನೋಡಿರಬಹುದು. ನಡುವೆ ಕಣ್ಣು ಸೆಳೆಯುವ ನಕ್ಷತ್ರಕ್ಕೂ ಆ ನೀಹಾರಿಕೆ ಬೆಳಗುವುದಕ್ಕೂ ಸಂಬಂಧವಿಲ್ಲ. ಬೆಳಗಿಸುವುದು ಪಕ್ಕದ ಮಂದ ನಕ್ಷತ್ರ, ಉಷ್ಣತೆ ಸುಮಾರು ಒಂದು ಲಕ್ಷ ಡಿಗ್ರಿ.

ಇಷ್ಟು ಬಿಸಿ ಎಲ್ಲಿಂದ ಬಂತು ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಸೂರ್ಯನಿಂದ ಹಿಡಿದು ಅದರ ಎಂಟು ಪಟ್ಟು ತೂಕದವರೆಗಿನ ನಕ್ಷತ್ರಗಳು ಮುಪ್ಪಿನಲ್ಲಿ ಕೆಂಪು ದೈತ್ಯಗಳಾಗಿ ಉಬ್ಬುತ್ತವೆ. ಆಗ ಹೊರಪದರಗಳು ಸೆಕೆಂಡಿಗೆ ಹತ್ತು ಹದಿನೈದು ಕಿಲೊಮೀಟರಿನ ನಿಧಾನ ಗಾಳಿಯಾಗಿ ಕಳಚಿಹೋಗುತ್ತವೆ. ಒಳಗಿನ ಇಂಗಾಲ-ಆಮ್ಲಜನಕದ ತಿರುಳು ಬಯಲಾಗಿ ಕುಗ್ಗುತ್ತದೆ, ಕುಗ್ಗಿದಂತೆ ಮೇಲ್ಮೈ ಕಾಯುತ್ತ ಹೋಗುತ್ತದೆ. 25-30 ಸಾವಿರ ಡಿಗ್ರಿ ಮುಟ್ಟಿದಾಗ ಅತಿನೇರಳೆ ಸಾಕಷ್ಟಾಗಿ ಹಿಂದೆ ಕಳಚಿದ ಅನಿಲ ಬೆಳಗತೊಡಗುತ್ತದೆ. ತಿರುಳಿನಿಂದ ಹೊರಡುವ ಹೊಸ ಗಾಳಿ ಸೆಕೆಂಡಿಗೆ ಸಾವಿರ ಕಿಲೊಮೀಟರಿಗೂ ಹೆಚ್ಚು ವೇಗದ್ದು. ಅದು ಹಿಂದಿನ ನಿಧಾನ ಗಾಳಿಯನ್ನು ಗುದ್ದಿ ಚಿಪ್ಪಿನ ಆಕಾರಕ್ಕೆ ಒತ್ತುತ್ತದೆ ಎಂದು 1978ರಲ್ಲಿ ಸುನ್ ಕ್ವೋಕ್ ಮತ್ತು ಸಂಗಡಿಗರು ತೋರಿಸಿದರು. ಹತ್ತಿಪ್ಪತ್ತು ಸಾವಿರ ವರ್ಷದಲ್ಲಿ ಅನಿಲ ಚದುರಿ ಮುಗಿಯುತ್ತದೆ, ತಿರುಳು ಶ್ವೇತಕುಬ್ಜವಾಗಿ ಆರುತ್ತ ಉಳಿಯುತ್ತದೆ.

ಹತ್ತು ಸಾವಿರ ವರ್ಷ ಮನುಷ್ಯನ ಆಯುಸ್ಸಿಗೆ ದೊಡ್ಡದು. ಹಾಗಾಗಿ ಬೇರೆ ಬೇರೆ ವಯಸ್ಸಿನ ನೀಹಾರಿಕೆಗಳನ್ನು ನೋಡಿ ಕಥೆ ಹೊಂದಿಸಬೇಕೇ ವಿನಾ ಒಂದನ್ನೇ ಕಾದು ನೋಡಲಾಗದು ಎಂದು ಎಲ್ಲರೂ ಎಣಿಸಿದ್ದರು. ಈ ಎಣಿಕೆಯನ್ನು ಬದಲಿಸಿದ್ದರಲ್ಲಿ ನಮ್ಮ ಬೆಂಗಳೂರಿನ ಪಾಲಿದೆ. ಕೋರಮಂಗಲದ ಭಾರತೀಯ ತಾರಾಭೌತ ಸಂಸ್ಥೆಯ ಎಂ. ಪಾರ್ಥಸಾರಥಿಯವರು ದಕ್ಷಿಣದ ಆರಾ ಪುಂಜದ ಎಸ್‌ಎಒ 244567 ಎಂಬ ನಕ್ಷತ್ರದ ಸುತ್ತ ತಂಪು ದೂಳು ಇರುವುದನ್ನು ಉಪಗ್ರಹದ ಅವಕೆಂಪು ಮಾಹಿತಿಯಲ್ಲಿ ಗುರುತಿಸಿ ಅದರ ಬೆನ್ನು ಹತ್ತಿದರು. 1971ರಲ್ಲಿ ತೆಗೆದ ಅದರ ರೋಹಿತದಲ್ಲಿ ಅದು ಬಿಸಿಯಾದ ನೀಲಿ ನಕ್ಷತ್ರ, ಅಷ್ಟೇ. ಬೋವೆನ್ ವಿವರಿಸಿದ ಹಸಿರು ಗೆರೆಗಳ ಸುಳಿವಿರಲಿಲ್ಲ. 1990 ಮತ್ತು 1992ರ ರೋಹಿತಗಳಲ್ಲಿ ಅವೇ ಗೆರೆಗಳು ಪ್ರಖರವಾಗಿ ಎದ್ದು ನಿಂತಿದ್ದವು. ಎರಡು ದಶಕದೊಳಗೆ, ಮನುಷ್ಯರ ಕಣ್ಣೆದುರಿಗೆ, ಒಂದು ನಕ್ಷತ್ರದ ಸುತ್ತ ಗ್ರಹೀಯ ನೀಹಾರಿಕೆ ಹೊತ್ತಿಕೊಂಡಿತ್ತು! ಪಾರ್ಥಸಾರಥಿ ಮತ್ತು ಸಂಗಡಿಗರು ಇದನ್ನು 1993ರಲ್ಲಿ ಪ್ರಕಟಿಸಿದರು. ಆಮೇಲೆ ಹಬಲ್ ದೂರದರ್ಶಕ ಅದರ ಚಿತ್ರ ತೆಗೆಯಿತು, ಸ್ಟಿಂಗ್‌ರೇ ನೀಹಾರಿಕೆ ಎಂದು ಹೆಸರಾಯಿತು.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1971ರಲ್ಲಿ ಸುಮಾರು 21 ಸಾವಿರ ಡಿಗ್ರಿ ಇದ್ದ ಆ ನಕ್ಷತ್ರ 2002ರ ಹೊತ್ತಿಗೆ 60 ಸಾವಿರ ಮುಟ್ಟಿತು. ಆಮೇಲೆ ತಣಿಯಲು ಶುರುವಾಯಿತು, 2015ಕ್ಕೆ 50 ಸಾವಿರದ ಆಸುಪಾಸಿಗೆ ಬಂದಿತ್ತು. ನಕ್ಷತ್ರ ತಣಿದದ್ದನ್ನು ಅನಿಲವೂ ಹೇಳಿತು. 1996 ಮತ್ತು 2016ರ ಹಬಲ್ ಚಿತ್ರಗಳನ್ನು ಹೋಲಿಸಿದರೆ ಆಮ್ಲಜನಕದ ಬೆಳಕು ಸಾವಿರದಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿದಿದೆ. ಒಳಗಿನ ಹೀಲಿಯಂ ಪದರ ಹಠಾತ್ತನೆ ಮತ್ತೆ ಹೊತ್ತಿಕೊಂಡದ್ದೇ ಇದಕ್ಕೆ ಕಾರಣವಿರಬೇಕು ಎಂಬುದು ಈಗಿರುವ ಒಳ್ಳೆಯ ವಿವರಣೆ. ಆದರೂ ಗಣಿತದ ಮಾದರಿಗಳು ಪೂರ್ತಿ ಕೂಡಿಬಂದಿಲ್ಲ.

ಹೀಗೆ ಮತ್ತೆ ಹೊತ್ತಿಕೊಂಡ ಇನ್ನೊಂದು ನಕ್ಷತ್ರವನ್ನು 1996ರ ಫೆಬ್ರುವರಿಯಲ್ಲಿ ಜಪಾನಿನ ಹವ್ಯಾಸಿ ವೀಕ್ಷಕ ಯುಕಿಯೊ ಸಕುರಾಯಿ ಧನು ರಾಶಿಯಲ್ಲಿ ಕಂಡರು. ಮೊದಲು ನೋವಾ, ಅಂದರೆ ಹಠಾತ್ತನೆ ಹೊಳೆಯುವ ನಕ್ಷತ್ರ, ಎಂದುಕೊಂಡರು. ನೋಡಿದರೆ ಅದರ ಸುತ್ತ ಹಳೆಯ, ಮಂಕಾದ ಗ್ರಹೀಯ ನೀಹಾರಿಕೆಯೊಂದಿತ್ತು. ಆರಿಹೋಗುವ ದಾರಿಯಲ್ಲಿದ್ದ ತಿರುಳು ಮತ್ತೆ ದೈತ್ಯವಾಗಿ ಉಬ್ಬಿತ್ತು. ಅದರ ರಾಸಾಯನಿಕ ಲೆಕ್ಕ ತೆಗೆದ ತಂಡದಲ್ಲಿ ಅದೇ ಬೆಂಗಳೂರಿನ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಇದ್ದರು. ಆ ವರ್ಷದ ಮೇ ತಿಂಗಳಿಗೂ ಅಕ್ಟೋಬರಿಗೂ ನಡುವೆ ನಕ್ಷತ್ರದ ಮೈಮೇಲಿನ ಹೈಡ್ರೋಜನ್ ಕಡಿಮೆಯಾಗಿದ್ದು ಅವರಿಗೆ ಕಂಡುಬಂತು. ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ಯೋಚಿಸುವವರಿಗೆ ತಿಂಗಳುಗಳಲ್ಲಿ ಬದಲಾಗುವ ನಕ್ಷತ್ರ ಸಿಕ್ಕಿತ್ತು.

ಕಾಮೇಶ್ವರ ರಾವ್ ಅವರ ಹೆಸರು ಇನ್ನೊಂದು ಕೆಲಸದಲ್ಲೂ ಬರುತ್ತದೆ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಬೆಳಕಿಗೆಂದೇ ಎರಡು ಅವಳಿ ದೂರದರ್ಶಕಗಳಿವೆ. ಒಂದೊಂದರ ಕನ್ನಡಿ 38 ಸೆಂಟಿಮೀಟರಿನಷ್ಟು ಅಗಲ. ಯುವಿಟ್ ಎಂದು ಅದರ ಚಿಕ್ಕ ಹೆಸರು. ಅದನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ, ತಾರಾಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ. ವಾಯುಮಂಡಲದ ತಡೆಯಿಲ್ಲದ ಎತ್ತರದಿಂದ ಅದು ಎನ್‌ಜಿಸಿ 40 ಎಂಬ ನೀಹಾರಿಕೆಯನ್ನು ನೋಡಿದಾಗ, ಮೊದಲು ಯಾರೂ ಕಾಣದ ಅತಿನೇರಳೆ ಪ್ರಭಾವಲಯವೊಂದು ಹೊರಗೆ ಹರಡಿಕೊಂಡಿತ್ತು. ಮುಂದಿನ ಸರದಿ ವೃಶ್ಚಿಕ ರಾಶಿಯ ಎನ್‌ಜಿಸಿ 6302ರದು. ಎರಡು ರೆಕ್ಕೆ ಬಿಚ್ಚಿದಂತಿರುವ ಇದನ್ನು ಚಿಟ್ಟೆ ನೀಹಾರಿಕೆ ಎನ್ನುತ್ತಾರೆ. ಅದರ ಅನಿಲ ಹೇಳುವ ಪ್ರಕಾರ ನಡುವಿನ ನಕ್ಷತ್ರ ಎರಡು ಲಕ್ಷ ಡಿಗ್ರಿಗೂ ಮೀರಿದ್ದು, ಗೊತ್ತಿರುವ ಅತ್ಯಂತ ಬಿಸಿಯಾದವುಗಳಲ್ಲಿ ಒಂದು. ಆದರೆ ಸುತ್ತಲಿನ ದೂಳಿನ ದಪ್ಪ ಉಂಗುರದಲ್ಲಿ ಅದು ಹೂತುಹೋಗಿದೆ. 2025ರಲ್ಲಿ ವೆಬ್ ದೂರದರ್ಶಕದ ಅವಕೆಂಪು ಚಿತ್ರಗಳಲ್ಲಿ ಅದು ಕಾಯಿಸುತ್ತಿರುವ ದೂಳಿನ ಮೋಡ ಸಿಕ್ಕಿ ಸ್ಥಾನ ಗೊತ್ತಾಯಿತು.

2018ರಲ್ಲಿ ಪ್ರಕಟವಾದ ಯುವಿಟ್ ಚಿತ್ರದಲ್ಲಿ ಈ ಚಿಟ್ಟೆಯ ಗಾತ್ರ ಕಾಣುವ ಬೆಳಕಿನಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹೊರಗಿನ ಆ ತಣ್ಣನೆಯ ಮೋಡ ಬಹುಶಃ ಹೈಡ್ರೋಜನ್ ಅಣುಗಳದ್ದು, ಅಂದರೆ ಒಡೆಯದೆ ಜೋಡಿಯಾಗಿಯೇ ಉಳಿದ ಹೈಡ್ರೋಜನ್. ಕೇಂದ್ರದ ಅತಿನೇರಳೆ ತಾಗಿ ಅದು ಮಿನುಗುತ್ತಿರಬೇಕು ಎಂಬುದು ಕಾಮೇಶ್ವರ ರಾವ್ ಅವರ ತಂಡದ ವಿವರಣೆ. ಕಾಣುವ ಬೆಳಕಿನಲ್ಲಿ ಅದಕ್ಕೆ ಬಾಯಿಯೇ ಇಲ್ಲ. ಈ ಅನಿಲಕ್ಕೆ ಇಷ್ಟು ಮಹತ್ವ ಯಾಕೆಂದರೆ ಇಲ್ಲಿ ಬಹುಕಾಲದ ಬಾಕಿಯೊಂದಿದೆ. ಸೂರ್ಯನ ಹಲವು ಪಟ್ಟು ತೂಕದ ನಕ್ಷತ್ರ ಕೊನೆಗೆ ಹೆಚ್ಚಾಗಿ ಸೂರ್ಯನಿಗಿಂತಲೂ ಕಡಿಮೆ ತೂಕದ ಶ್ವೇತಕುಬ್ಜವಾಗಿ ಉಳಿಯುತ್ತದೆ. ನಡುವೆ ಕಳಚಿಹೋದದ್ದೆಲ್ಲ ಸುತ್ತಮುತ್ತಲೇ ಇರಬೇಕು. ಎಷ್ಟೋ ನೀಹಾರಿಕೆಗಳಲ್ಲಿ ಹೊಳೆಯುವ ಅನಿಲವನ್ನು ಕೂಡಿಸಿದರೆ ಅದರ ಒಂದು ಪಾಲು ಮಾತ್ರ ಸಿಗುತ್ತದೆ. ಉಳಿದದ್ದು ಎಲ್ಲಿ ಎಂದು ಹುಡುಕುವವರಿಗೆ ಹೊಸಕೋಟೆಯಲ್ಲಿ ಜೋಡಿಸಿದ ದೂರದರ್ಶಕ ಒಂದು ದಿಕ್ಕು ತೋರಿಸಿದೆ. ಅದು ಹೈಡ್ರೋಜನ್ ಅಣುವೇ ಎಂದು ಗಟ್ಟಿಯಾಗಿ ಹೇಳಬೇಕಾದರೆ ಚಿತ್ರ ಸಾಲದು, ಆ ಮಂದ ಪ್ರಭೆಯನ್ನೂ ಹಗ್ಗಿನ್ಸ್ ಮಾಡಿದ ಹಾಗೆ ಗೆರೆಗೆರೆಯಾಗಿ ಬಿಡಿಸಿ ನೋಡಬೇಕು. ಅಷ್ಟು ಮಂದವಾದ ಅತಿನೇರಳೆಯನ್ನು ಬಿಡಿಸಲು ಈಗಿನದಕ್ಕಿಂತ ದೊಡ್ಡ ಕನ್ನಡಿ ಬೇಕು, ಅದೂ ಬಾಹ್ಯಾಕಾಶದಲ್ಲೇ ಇರಬೇಕು.